ಫೇಲಾದವನು ಪಾಸು ಮಾಡಿಸಿದ ಪಂಪು

ಬೇರೆಯವರಿಗೆ ಪಾಠ ಹೇಳುವುದು ಸುಲಭ. ಹೇಳಿದ್ದು ನಮಗೇ ನೆನಪಿರುವುದು ಕಷ್ಟ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ಪಂಪುಗಳ ಪಾಠ ಮಾಡಿ ನಿವೃತ್ತಳಾದ ನಾನು ಒಂದೇ ಒಂದು ಪಂಪನ್ನೂ ಕೈಯಾರೆ ಮಾಡಿದವಳಲ್ಲ. ಆ ಕೊರಗಿಗೆ ಬನಶಂಕರಿಯ ನಮ್ಮ ಮನೆಯ ತಾರಸಿಯಲ್ಲಿ, ಒಗೆಯುವ ಕಲ್ಲಿನ ಪಕ್ಕ, ಟಿಫನ್ ಡಬ್ಬಿಯಷ್ಟು ದೊಡ್ಡ ಸ್ಟೀಮ್ ಎಂಜಿನ್ ಕಟ್ಟಿದೆ. ಓಡಿತು. ಆದರೆ ಹತ್ತು ನಿಮಿಷಕ್ಕೆ ಬಾಯ್ಲರಿನ ನೀರು ಮುಗಿದು ನಿಂತುಬಿಡುತ್ತಿತ್ತು. ಕೆಲಸ ಮುಗಿಸಿದ ಆವಿ ಮತ್ತೆ ನೀರಾಗಿ ಕೆಳಗಿನ ಲೋಟಕ್ಕೆ ತೊಟ್ಟಿಕ್ಕುತ್ತಿತ್ತಲ್ಲ, ಅದನ್ನೇ ಬಾಯ್ಲರಿಗೆ ವಾಪಸು ತಳ್ಳುವ ಪಂಪೊಂದು ಬೇಕಿತ್ತು.

"ಚಮಚದಲ್ಲಿ ಹಾಕ್ಬಾರ್ದಾ?" ಎಂದರು ನಮ್ಮ ಯಜಮಾನರು. ಕುದಿಯುವ ಬಾಯ್ಲರಿನ ಮುಚ್ಚಳ ತೆಗೆದರೆ ಏನಾಗುತ್ತದೆಂದು ವಿವರಿಸಿದೆ. ಅಂದಿನಿಂದ ಅವರು ತಾರಸಿಗೆ ಬರುವುದನ್ನೇ ಬಿಟ್ಟರು.

ನಕ್ಷೆ ಬರೆದೆ. ಎಂಜಿನ್ನಿನ ಚಕ್ರವೇ ಹಿಂದೆ ಮುಂದೆ ಆಡಿಸುವ ಪೆನ್ಸಿಲ್ ದಪ್ಪದ ಪಿಸ್ಟನ್. ಹೋದ ನೀರು ತಿರುಗಿ ಬಾರದಂತೆ ತಡೆಯಲು ಸೈಕಲ್ ಬೇರಿಂಗಿನ ಎರಡು ಉಕ್ಕಿನ ಗುಂಡು. ತ್ಯಾಗರಾಜನಗರದಲ್ಲಿ ಲೇತ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ನಾಗೇಶ ಹಿತ್ತಾಳೆಯಲ್ಲಿ ಅದನ್ನು ಮಾಡಿಕೊಟ್ಟ. ತಣ್ಣೀರಿನಲ್ಲಿ ಸೊಗಸಾಗಿ ನಡೆಯಿತು. ಬಿಸಿನೀರು ಬಂದ ಕೂಡಲೇ ಟಿಕ್ ಟಿಕ್ ಎನ್ನುತ್ತಿತ್ತೇ ಹೊರತು ಒಂದು ಹನಿ ಎತ್ತುತ್ತಿರಲಿಲ್ಲ. ಗುಂಡು ಬದಲಾಯಿಸಿದೆ, ವಾಷರ್ ಬದಲಾಯಿಸಿದೆ, ಕೊನೆಗೆ ಫೋನು ಮಾಡಿ ನಾಗೇಶನನ್ನು ಬೈದೆ.

ಭಾನುವಾರ ಅವನೇ ಬಂದ. ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಮೇಡಂ, ಪಂಪು ಮೇಲಿದೆ, ಲೋಟ ಕೆಳಗಿದೆ. ಇಷ್ಟು ಬಿಸಿನೀರನ್ನ ಮೇಲಕ್ಕೆ ಎಳೆದ್ರೆ ದಾರೀಲೇ ಆವಿ ಆಗ್ಬಿಡತ್ತೆ."

"ಇದನ್ನ ನಿಂಗೆ ಯಾರೋ ಹೇಳಿದ್ದು?"

"ನೀವೇ. ಇದನ್ನ ಬರೀಲಿಲ್ಲ ಅಂತ ಫೇಲ್ ಮಾಡಿದ್ರಿ."

ನಾನು ಪಂಪು ಬಿಚ್ಚಿ ಲೋಟಕ್ಕಿಂತ ಒಂದು ಗೇಣು ಕೆಳಗೆ ಕೂರಿಸಿದೆ. ಬಾಯ್ಲರಿನ ಬುಡಕ್ಕೆ ದೀಪ ಹಚ್ಚಿದೆವು. ಒಳಗಿನ ನೀರೆಷ್ಟೆಂದು ತೋರಿಸಲು ಬಾಯ್ಲರಿಗೆ ಜೋಡಿಸಿದ್ದ ಗಾಜಿನ ಕೊಳವೆಯಲ್ಲಿ ಇಳಿಯುತ್ತಿದ್ದ ನೀರಿನ ಮಟ್ಟ ನಿಂತಿತು. ಆಮೇಲೆ ಕೂದಲೆಳೆಯಷ್ಟು ಏರಿತು! ನಾನು ಕೂಗಿದ ಕೂಗಿಗೆ ಯಜಮಾನರು ಬಾಯ್ಲರ್ ಸಿಡಿಯಿತೆಂದೇ ಮೆಟ್ಟಿಲು ಹತ್ತಿ ಓಡಿಬಂದರು. ಸಿಡಿದಿಲ್ಲವೆಂದು ಖಾತ್ರಿಯಾದ ಮೇಲೆ ಎಲ್ಲರಿಗೂ ಕಾಫಿ ತಂದರು. ಹತ್ತು ನಿಮಿಷ ದಾಟಿದರೂ ಎಂಜಿನ್ ನಿಲ್ಲದೆ ಓಡುತ್ತಲೇ ಇತ್ತು.

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಸರೋಜಮ್ಮ ಕೇಳಿದರು: "ಇದ್ರಲ್ಲಿ ಒಂದು ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕ್ರೀ?"

ಬಾಯಿಲೆಕ್ಕ ಹಾಕಿ, "ಬರೀ ಹನ್ನೆರಡು ಗಂಟೆ!" ಎಂದೆ ಹೆಮ್ಮೆಯಿಂದ.

ನಾಗೇಶ ಏನೋ ಹೇಳಲು ಬಾಯಿ ತೆರೆದ. ಆಗ ನನಗೂ ಹೊಳೆಯಿತು: ಪಿಸ್ಟನ್ ಹಿಂದಕ್ಕೆ ಬರುವಾಗಲೂ ನೀರು ತಳ್ಳುತ್ತದೆಂದು ಲೆಕ್ಕ ಹಿಡಿದಿದ್ದೆ. ನಿಜಕ್ಕೂ ಇಡೀ ಒಂದು ದಿನ ಬೇಕು.

"ಮೊದ್ಲು ಕಾಫಿ ಕುಡಿಯೋ, ಆರ್ಹೋಗತ್ತೆ" ಎಂದೆ.