ನಮ್ಮ ಗಂಡಸರ ಸೋಬಾನೆ ಮ್ಯಾಳ

ನಮ್ಮ ದಾಂಡೇಲಿಯಲ್ಲಿ ಐದು ಜನ ಗಂಡಸರು ಭಾನುವಾರ ಮಧ್ಯಾಹ್ನ ಒಂದು ಮನೆಯಲ್ಲಿ ಸೇರಿ ಬಾಗಿಲು ಮುಂದೆ ಮಾಡಿಕೊಂಡರೆ ಓಣಿಯವರು ಊಹಿಸುವುದು ಎರಡೇ: ಇಸ್ಪೀಟು, ಇಲ್ಲವೇ ಬಾಟ್ಲಿ. ನಮ್ಮ ಗುಟ್ಟು ಅವೆರಡಕ್ಕಿಂತಲೂ ಸಪ್ಪೆಯದು. ಚಹಾ, ಚುರಮರಿ, ಹರಟೆ, ಅಷ್ಟೇ. ಇಸ್ಪೀಟಿನವರಿಗೂ ನಮಗೂ ಇದ್ದ ವ್ಯತ್ಯಾಸವೆಂದರೆ ನಾವು ಐವರೂ ಗಂಡಸರನ್ನೇ ಇಷ್ಟಪಡುವ ಗಂಡಸರು. ವಾರವಿಡೀ ಯಾರೊಂದಿಗೂ ಆಡಲಾಗದ ಮಾತನ್ನು ವಾರಕ್ಕೊಮ್ಮೆ ಆಡಿಕೊಳ್ಳಲು ನಮಗೊಂದು ಕೋಣೆ ಬೇಕಿತ್ತು. ಹೆಂಡತಿ, ಅತ್ತೆ, ಅತ್ತಿಗೆ ಯಾರೂ ಇಲ್ಲದ ಮನೆ ನನ್ನದೊಂದೇ ಆದ್ದರಿಂದ ಚಹಾದ ಖರ್ಚೂ ನನ್ನದೇ ಆಯಿತು.

ಈ ಬಳಗ ಹುಟ್ಟಿದ್ದು ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ. ನಮ್ಮಂಥವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಆ್ಯಪ್ ಒಂದು ಫೋನಿನಲ್ಲಿ ಸಿಗುತ್ತದೆ. ಅದರಲ್ಲಿ ನಾನು ಮುಖದ ಬದಲು ಸೂಪಾ ಅಣೆಕಟ್ಟಿನ ಚಿತ್ರ ಹಾಕಿದ್ದೆ. ಎದುರಿನವನದು ಗುಲಾಬಿ ಹೂವು. ತಿಂಗಳುಗಟ್ಟಲೆ ಅಣೆಕಟ್ಟೂ ಗುಲಾಬಿಯೂ ಸುಖದುಃಖ ಹಂಚಿಕೊಂಡ ಮೇಲೆ ಭೇಟಿಯಾಗುವುದೆಂದು ಗೊತ್ತಾಯಿತು. ದಾಂಡೇಲಿಯಲ್ಲಾದರೆ ಯಾರಾದರೂ ನೋಡಿಯಾರು, ಹಳಿಯಾಳದಲ್ಲಿ ಸೇರೋಣ ಎಂದುಕೊಂಡೆವು. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವನು ನಮ್ಮ ದರ್ಜಿ ಸಲೀಂ. ವರ್ಷಗಟ್ಟಲೆ ನನ್ನ ಅಂಗಿ ಪ್ಯಾಂಟು ಹೊಲಿದವನು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಕಾಟದ ಬಗ್ಗೆ ಮಾತಾಡಿದೆವು. ಇಳಿದ ಮೇಲೆ ಇವನು ಯಾವಾಗ ಹೋಗುತ್ತಾನಪ್ಪಾ ಎಂದು ನಾನು ಹಣ್ಣಿನ ಗಾಡಿಯ ಹಿಂದೆ ನಿಂತೆ, ಅವನು ಪೇಪರ್ ಸ್ಟಾಲಿನ ಹಿಂದೆ ನಿಂತ. ಕೊನೆಗೆ ತಾಳ್ಮೆಗೆಟ್ಟು 'ಎಲ್ಲಿದ್ದೀರಿ?' ಎಂದು ಕಳಿಸಿದೆ. ಪೇಪರ್ ಸ್ಟಾಲಿನ ಹಿಂದೆ ಒಂದು ಫೋನು ಟಿಣ್ ಎಂದಿತು. ಪ್ರೇಮವೇನೂ ಹುಟ್ಟಲಿಲ್ಲ. ಸೊಂಟದ ಅಳತೆ ತೆಗೆಯುವಾಗೆಲ್ಲ ಉಸಿರು ಬಿಗಿಹಿಡಿದು ಸುಳ್ಳು ಹೇಳಿದವನ ಮೇಲೆ ಯಾರಿಗೆ ಪ್ರೇಮ ಹುಟ್ಟೀತು? ಆದರೆ ಅಂದು ಇಬ್ಬರೂ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ಅಣಶಿ ಕಡೆಯ ವಿಠ್ಠಲ ಸೇರಿದ. ಅವನು ಇಲ್ಲಿನ ರೆಸಾರ್ಟ್ ಒಂದರಲ್ಲಿ ಅಡುಗೆಯವನು. ಮುಂಡಗೋಡದ ಕಂಪೌಂಡರ್ ಒಬ್ಬ, ಹಳಿಯಾಳ ಕಡೆಯ ರೈತ ಒಬ್ಬ ಬಂದರು. ಐವರಾದೆವು.

ಹೀಗೆ ಚುರಮರಿ ತಿನ್ನುತ್ತ ಸುಖವಾಗಿದ್ದವರು ಹಾಡುಗಾರರಾದದ್ದು ಪಕ್ಕದ ಮನೆಯ ಶಾಂತಾಬಾಯಿಯವರ ದೆಸೆಯಿಂದ. ಒಂದು ದಿನ ಕಾಂಪೌಂಡಿನ ಆಚೆಯಿಂದ ಕೇಳಿದರು: "ಬಸಣ್ಣಾರ, ಐತವಾರ ಐತವಾರ ಮಂದಿ ಕೂಡತೀರಲಾ, ಏನ್ ಮಾಡತೀರಿ?" ನನ್ನ ಬಾಯಿಗೆ ತಟ್ಟನೆ ಬಂದದ್ದು, "ಭಜನಿ ಮಾಡತೇವ್ರಿ." ಅವರು ಸ್ವಲ್ಪ ಯೋಚಿಸಿ, "ದನಿ ಕೇಳೂದs ಇಲ್ಲಲ್ರೀ" ಎಂದರು.

ಮುಂದಿನ ಭಾನುವಾರ ಹಾಡಲೇಬೇಕಾಯಿತು. ಪೂರ್ತಿ ಬರುವ ಭಜನೆ ಒಬ್ಬರಿಗೂ ಒಂದೂ ಇರಲಿಲ್ಲ. ಪಲ್ಲವಿ ಹೇಳಿ ಎಲ್ಲರೂ ಮುಖ ನೋಡಿಕೊಳ್ಳುವುದು. ಕೊನೆಗೆ ಸಲೀಂ, ಅವನ ಅಜ್ಜಿ ಮೊಮ್ಮಕ್ಕಳನ್ನು ತೂಗುವಾಗ ಹಾಡುತ್ತಿದ್ದ ಲಾಲಿಯೊಂದನ್ನು ತೆಗೆದ. ಕೂಡಲೇ ರೈತ ಬೀಸುವ ಪದ ಹಿಡಿದ. ವಿಠ್ಠಲ ಕೊಂಕಣಿಯ ಮದುವೆ ಹಾಡು ಹೇಳಿದ. ಅಂದು ನಮಗೊಂದು ಸಂಗತಿ ಹೊಳೆಯಿತು. ಓಣಿಯ ಹುಡುಗರು ಕಬಡ್ಡಿ ಆಡುವಾಗ ನಾವು ಐವರೂ ಒಳಗೆ ಹೆಂಗಸರ ನಡುವೆ ಕೂತು ಅವರೆಕಾಳು ಬಿಡಿಸುತ್ತಿದ್ದವರು. ಸೋಬಾನೆ, ಜೋಗುಳ ಎಲ್ಲವೂ ಕಿವಿಯಲ್ಲಿ ಉಳಿದುಬಿಟ್ಟಿದ್ದವು. ಸಂಜೆ ಶಾಂತಾಬಾಯಿ ಬಂದು ಹೇಳಿದರು: "ಭಜನಿಯಂತೂ ಅಲ್ಲ ಬಿಡ್ರಿ ಇದು. ಆದರ ನಮ್ಮ ಸೊಸಿ ಕುಬಸಕ್ಕ ನೀವs ಹಾಡಬೇಕು. ನಮ್ಮ ಹುಡುಗ್ಯಾರಿಗೆ ಒಂದೂ ಪದಾ ಬರೂದಿಲ್ಲ."

ಬಸುರಿಗೆ ಕುಬಸ ತೊಡಿಸುವ ಕಾರ್ಯದಲ್ಲಿ ಐದು ಜನ ಗಂಡಸರು ಸೋಬಾನೆ ಹೇಳಿದ ಸುದ್ದಿ ಎಷ್ಟು ಬೇಗ ಹರಡಿತೆಂದರೆ ಜೋಯಿಡಾದಿಂದ ಕರೆ ಬಂತು, ಮುಂಡಗೋಡದಿಂದ ಕರೆ ಬಂತು. ಜನರೇ 'ಗಂಡಸರ ಸೋಬಾನೆ ಮ್ಯಾಳ' ಎಂದು ಹೆಸರಿಟ್ಟರು. ನಾವು ಎಂಥವರೆಂಬುದು ನಾಲ್ಕೂ ತಾಲೂಕಿನ ಹೆಂಗಸರಿಗೆ ತಿಳಿಯದೇ ಇರಲಿಲ್ಲ. ತಿಳಿದವರು ಹಾಡು ಮುಗಿದ ಮೇಲೆ ಒಂದು ಹೋಳಿಗೆ ಹೆಚ್ಚು ಬಡಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮುಂಡಗೋಡದಲ್ಲಿ ಮಾತ್ರ ಒಬ್ಬ ತಾಯಿ ನಾನು ಕೈ ತೊಳೆಯುವಲ್ಲಿಗೆ ನೀರು ಹಾಕಲು ಬಂದು, ಯಾರಿಗೂ ಕೇಳದ ಹಾಗೆ ಅಂದರು: "ನನ್ನ ಮಗಾನೂ ನಿಮ್ಮಂಗ ಅದಾನ್ರಿ. ಯಾರ ಜೋಡೀನೂ ಮಾತಾಡಾಂಗಿಲ್ಲ. ಅವಂಗ ಹಾಡಾಕ ಬರೂದಿಲ್ಲ, ತಾಳ ಬಾರಸ್ತಾನ. ಕರಕೊಳ್ತೀರೇನು?" ಕರೆದುಕೊಂಡೆವು. ತಾಳವೂ ಅವನಿಗೆ ಬರುತ್ತಿರಲಿಲ್ಲ, ಆ ಮಾತು ಬೇರೆ. ಅವನ ಹಿಂದೆಯೇ ಇನ್ನೂ ಮೂವರು ಸೇರಿದರು. ಈಗ ನಾವು ಒಂಬತ್ತು ಜನ. ಚಹಾಕ್ಕೆ ದೊಡ್ಡ ಪಾತ್ರೆ ತಂದಿದ್ದೇನೆ.

ಇಷ್ಟೆಲ್ಲ ತಿಳಿಯದೇ ಇದ್ದವಳು ಒಬ್ಬಳೇ, ಹಳಿಯಾಳದಲ್ಲಿರುವ ನನ್ನ ಅಕ್ಕ ಗಂಗಕ್ಕ. ಅಥವಾ ತಿಳಿದಿಲ್ಲವೆಂದು ನಾನು ನಂಬಿಕೊಂಡಿದ್ದೆ. ಅವ್ವ ಹೋದ ಮೇಲೆ ನನಗೆ ತಾಯಿಯೂ ಅವಳೇ. ಕಳೆದ ಚಳಿಗಾಲದಲ್ಲಿ ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ತಮ್ಮನೆಂದು ನನಗೆ ಫೋನ್ ಮಾಡಿದಳು. ಮರುದಿನ ಶಾಂತಾಬಾಯಿಯವರ ಪರಿಚಯದವರ ಕಡೆಯಿಂದ ಅದೇ ಮನೆಗೆ, ಅದೇ ದಿನಕ್ಕೆ ಮ್ಯಾಳಕ್ಕೂ ಕರೆ ಬಂತು. ಒಬ್ಬನೇ ಮನುಷ್ಯ ಎರಡು ಕಡೆಯಿಂದ ಬೀಗರಾದಂತಾಯಿತು ನನ್ನ ಸ್ಥಿತಿ.

"ನನಗ ಹೊಟ್ಟಿ ನೋವು ಅಂತ ಹೇಳ್ತೀನಿ. ನೀವ್ ಹೋಗಿಬರ್ರಿ" ಎಂದೆ.

ಸಲೀಂ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ. "ನೀ ಬರಲಿಲ್ಲಂದ್ರ ನಾವೂ ಹೋಗೂದಿಲ್ಲ. ಕೂಸು ಸಿನಿಮಾ ಹಾಡು ಕೇಳಿ ಮಲಗಲಿ."

ಹೋದೆ. ಪೆಂಡಾಲಿನ ಮುಂದಿನ ಸಾಲಿನಲ್ಲಿ ಭಾವ ನನಗಾಗಿ ಕುರ್ಚಿ ಹಿಡಿದಿದ್ದ. "ಬಸಣ್ಣ, ಇಲ್ಲಿ ಬಾ" ಎಂದು ಕೈ ಮಾಡಿದ. ತೊಟ್ಟಿಲ ಹತ್ತಿರ ಹಾಸಿದ ಜಮಖಾನೆಯ ಮೇಲೆ ನಮ್ಮವರು ಕೂತಿದ್ದರು. ಮಧ್ಯದಲ್ಲಿ ನನ್ನ ಜಾಗ ಖಾಲಿ ಬಿಟ್ಟಿದ್ದರು. ಕುರ್ಚಿಗೂ ಜಮಖಾನೆಗೂ ನಡುವಿನ ದೂರ ಹೆಚ್ಚೇನೂ ಇರಲಿಲ್ಲ. ನಡೆದು ಹೋಗಿ ಜಮಖಾನೆಯ ಮೇಲೆ ಕೂತೆ. ಅಕ್ಕ ಕುಂಕುಮದ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ತೊಟ್ಟಿಲ ಕಾಲು ನೋಡಿದೆ.

ಕೊನೆಗೆ ನಮ್ಮ ಅವ್ವ ತಾನೇ ಕಟ್ಟಿ ಹಾಡುತ್ತಿದ್ದ ಜೋಗುಳವನ್ನು ನಾನು ಎತ್ತಿಕೊಂಡೆ. 'ಅಳಬ್ಯಾಡ ಕಂದಾ, ಆನಿ ಬಂದೈತಿ, ಬಿದಿರ ಮೆಳಿಯಾಗ ನಿಂದೈತಿ' ಎಂಬಲ್ಲಿಯವರೆಗೆ ಸರಿಯಾಗಿಯೇ ಹೋಯಿತು. 'ಮಾವ ಬರತಾನ, ಕೊಬ್ಬರಿ ತರತಾನ' ಎಂದೆ. ಹೆಂಗಸರ ಗುಂಪಿನಿಂದ ಅಕ್ಕನ ದನಿ ಬಂತು: "ಕೊಬ್ಬರಿ ಅಲ್ಲ, ಬೆಲ್ಲ." ಹಾಡು ನಿಂತಿತು. ಅವಳು ಬಟ್ಟಲು ಕೆಳಗಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತು ಮೊದಲಿನಿಂದ ಹಿಡಿದಳು. ನಾವು ಅವಳ ಹಿಂದೆ ಹೋದೆವು. ಅರ್ಧದಲ್ಲೇ ನಾನು ಹಾಡು ಬಿಟ್ಟು ಅಕ್ಕನ ಮುಖ ನೋಡುತ್ತ ಕೂತೆ. ಉಳಿದವರು ನಡೆಸಿಕೊಟ್ಟರು. ಮೇಳ ಎಂದರೆ ಅದೇ ಇರಬೇಕು.

ಊಟದ ಹೊತ್ತಿಗೆ ಅಡುಗೆಮನೆಗೆ ಕರೆದಳು. ಹುಗ್ಗಿಗೆ ತುಪ್ಪ ಹಾಕುತ್ತ ಕೇಳಿದಳು: "ಅವರೆಲ್ಲಾರೂ ನಿನ್ನಂಗs ಏನು?"

"ಹೂಂ" ಎಂದೆ.

"ಒಬ್ಬನs ಇರ್ತಾನ, ಹೆಂಗ ಇರ್ತಾನೋ ಏನೋ ಅಂತ ಇಷ್ಟು ವರ್ಷ ನಿದ್ದಿಗೆಟ್ಟೀನಿ ನಾ. ಇಷ್ಟ ಮಂದಿ ಅದಾರ ಅಂತ ಒಂದ್ ಮಾತು ಹೇಳಬಾರದಿತ್ತೇನು?" ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬೀಗರ ಪೈಕಿ ಒಬ್ಬಾಕೆ ಇಣುಕಿ, "ಯಾ ಊರವರವಾ ಆ ಹಾಡವರು?" ಎಂದಳು. ಅಕ್ಕ ತಿರುಗಿ, "ನನ್ನ ತಮ್ಮನ ಮ್ಯಾಳ" ಎಂದಳು. ಅಂದು ನಾನು ಎಷ್ಟು ಹುಗ್ಗಿ ಉಂಡೆನೆಂದು ಕೇಳಬೇಡಿ.

ಇಲ್ಲಿಗೆ ಮುಗಿದಿದ್ದರೆ ನಾನು ನಿಶ್ಚಿಂತನಾಗಿರುತ್ತಿದ್ದೆ. ಆದರೆ ಅಕ್ಕ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಹೋದ ವಾರ ಫೋನ್ ಮಾಡಿದಳು. "ಮುಂಡಗೋಡದಾಗ ಒಬ್ಬ ಮಾಸ್ತರ ಅದಾನಂತ. ನಿನ್ನ ವಯಸ್ಸಿನವನs. ದನಿ ಚೊಲೋ ಐತಂತ, ಸ್ವಭಾವ ಅದಕ್ಕಿಂತ ಚೊಲೋ ಅಂತ. ಐತವಾರ ಮ್ಯಾಳಕ್ಕ ಬಾ ಅಂತ ಹೇಳಿ ಕಳಿಸೀನಿ. ಮುಂದಿಂದು ನೀವಿಬ್ಬರೂ ನೋಡ್ಕೋರಿ." ಯಾರ ಮೂಲಕ ಕಂಡುಹಿಡಿದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹರೆಯದಲ್ಲಿ ಇದೇ ಅಕ್ಕನ ಒತ್ತಾಯಕ್ಕೆ ಎಷ್ಟೋ ಮನೆಗಳಿಗೆ ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ತಿಂದು, 'ತಿಳಿಸ್ತೇವ್ರಿ' ಎಂದು ಹೇಳಿ ಎದ್ದು ಬಂದವನು ನಾನು. ಆ ಒಲೆಗಳ ಮುಂದೆ ಯಾರೆಲ್ಲ ಎಷ್ಟು ಹೊತ್ತು ಬೆವರಿದ್ದರೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಿನ್ನೆಯಿಂದ ವಿಠ್ಠಲನನ್ನು ಎದುರಿಗೆ ನಿಲ್ಲಿಸಿಕೊಂಡು ಉಪ್ಪಿಟ್ಟು ಕಲಿಯುತ್ತಿದ್ದೇನೆ. ಇವತ್ತಿನದೂ ಗಂಟಾಯಿತು. ಮಾಸ್ತರರು ಬಂದು, ತಿಂದು, ಏನು ತಿಳಿಸುತ್ತಾರೋ ನೋಡಬೇಕು.