ಬೆಳಕು ಬಿದ್ದರೆ ಇಳಿಯುವ ಮುಳ್ಳು

ನಗುವಂಥ ಪ್ರಸಂಗಗಳಿಗೆ ನಮ್ಮ ಪ್ರಯೋಗಾಲಯದಲ್ಲಿ ಬರವಿರಲಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಎಪ್ಪತ್ತರ ದಶಕದ ಮುಂಬಯಿ. ನಾನು ಲ್ಯಾಬ್ ಅಸಿಸ್ಟೆಂಟ್.

೧. ಕೆಂಪು ನೀರು

ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ನಮಗೆ ಬೇಕಿದ್ದವು. ಅವು ಹೆಚ್ಚಾದ ಕಡೆ ನೀರು ಕೆಂಪಗಿರುತ್ತದೆ. ಭಾಂಡೂಪಿನ ಉಪ್ಪಿನಗದ್ದೆಯಲ್ಲಿ ಮಧ್ಯಾಹ್ನವಿಡೀ ಬಿಸಿಲಲ್ಲಿ ಬೆಂದು, ಎರಡು ಬಾಟಲಿ ತುಂಬಿಸಿಕೊಂಡು ಸ್ಟೇಷನ್ನಿಗೆ ಬಂದೆ. ಪರ್ಮಿಟ್ ಇಲ್ಲದೆ ಹೆಂಡ ಕುಡಿದರೆ ಪೊಲೀಸರು ಹಿಡಿಯುತ್ತಿದ್ದ ಕಾಲ. ಹವಾಲ್ದಾರ ತಡೆದ.

"ದಾರೂ ಹೈ ಕ್ಯಾ?"

"ನಹೀ ಸಾಬ್, ನಮಕ್ ಕಾ ಪಾನೀ."

ಬೆರಳದ್ದಿ ನೆಕ್ಕಿದ. ಮುಖ ಕಿವುಚಿದ. ಎರಡೂ ಬಾಟಲಿ ಚರಂಡಿಗೆ ಸುರಿಸಿ, ನನಗೇ ಬುದ್ಧಿ ಹೇಳಿದ: "ಇಷ್ಟು ಉಪ್ಪು ಹಾಕಿದರೆ ನಿನ್ನ ದಾರೂ ಯಾರು ಕುಡೀತಾರೋ?"

೨. ಕರೀ ಅರಿವಿ

ಮತ್ತೆ ಹೋಗಿ ತಂದು ಬೆಳೆಸಿದೆ. ಗಾಳಿ ಕಡಿಮೆ ಮಾಡಿದರೆ ಅವು ನೇರಳೆಗೆ ತಿರುಗುತ್ತಿದ್ದವು. ಒಂದು ದಿನ ದೊಡ್ಡ ದೀಪ ಹಚ್ಚಿದೆ; ನೀರಿನ ಹುಳಿ ಅಳೆಯುವ ಮೀಟರಿನ ಮುಳ್ಳು ಇಳಿಯಿತು, ಆ ಮೀಟರಿನಲ್ಲಿ ಮುಳ್ಳು ಇಳಿದಷ್ಟೂ ಹುಳಿ ಹೆಚ್ಚು, ಅಂದರೆ ನೀರು ಹುಳಿಯಾಗಿತ್ತು. ಆರಿಸಿದೆ, ಮುಳ್ಳು ಏರಿತು. ಹತ್ತು ಸಲ ಮಾಡಿದರೂ ಹಾಗೆಯೇ. ಓಡಿಹೋಗಿ ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರಿಗೆ ಹೇಳಿದೆ. ಅವರು ಧಾರವಾಡದ ಕಡೆಯವರು.

"ಬೆಳಕ ಬಿದ್ರ ನೀರು ಹುಳಿ ಆಗತದೇನು? ಮೀಟರ್ ಕೆಟ್ಟದ. ಬಾಟಲಿಗೆ ಕರೀ ಅರಿವಿ ಹೊದಸು!"

ಕರೀ ಬಟ್ಟೆ ಹೊದಿಸಿ ದೀಪ ಹಚ್ಚಿದೆ. ಮುಳ್ಳು ಅಲ್ಲಾಡಲಿಲ್ಲ.

"ನೋಡಿದ್ಯಾ?" ಎಂದರು ಸಾಹೇಬರು. "ಮೀಟರ್ ರಿಪೇರಿ ಆತು."

೩. ಪಂಪು

ಎರಡು ವರ್ಷದ ಮೇಲೆ ಪರದೇಶದ ಪತ್ರಿಕೆಯಲ್ಲಿ ನನ್ನ ಮುಳ್ಳಿನ ಕಥೆಯೇ ಅಚ್ಚಾಗಿ ಬಂತು. ಜೀವಕೋಶದ ಪೊರೆಯಲ್ಲಿರುವ ಆ ನೇರಳೆ ವಸ್ತುವೇ ಒಂದು ಪಂಪು. ಬೆಳಕು ಬಿದ್ದರೆ ಒಳಗಿನ ಪ್ರೋಟಾನುಗಳನ್ನು ಹೊರಗೆ ತಳ್ಳುತ್ತದೆ; ನೀರು ಹುಳಿಯಾಗುವುದು ಅದಕ್ಕೇ. ಅವು ವಾಪಸು ಒಳಗೆ ನುಗ್ಗುವಾಗ ಕೋಶ ಅದರಿಂದಲೇ ತನ್ನ ಶಕ್ತಿ ಮಾಡಿಕೊಳ್ಳುತ್ತದೆ. ಓದಿ ಹೊಟ್ಟೆ ಉರಿಯಿತು. ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯ ಉಡುಪಿಯ ಅಕ್ಕನಿಗೆ ಹೇಳಿದೆ.

"ಕರೆಂಟ್ ಬೇಡವಾ? ಹಾಗಾದ್ರೆ ನಮ್ಮ ಬಿಲ್ಡಿಂಗಿಗೂ ಒಂದು ತನ್ನಿ ಮಾರಾಯ್ರೇ, ಮೂರು ದಿನದಿಂದ ಮೇಲೆ ನೀರು ಹತ್ತಲಿಲ್ಲ."

"ಅದು ನೀರು ಎತ್ತುವುದಿಲ್ಲ ಅಕ್ಕಾ, ಪ್ರೋಟಾನ್ ಎತ್ತುವುದು."

ಅಕ್ಕ ನನ್ನನ್ನು ಕನಿಕರದಿಂದ ನೋಡಿದಳು. "ಪ್ರೋಟಾನಲ್ಲಿ ಅನ್ನ ಬೇಯ್ತದಾ?"

೪. ಕೆಂಪು ಶಾಯಿ

ಆಮೇಲೆ ನಮ್ಮ ಕೆಲಸ ನೋಡಲು ದೊಡ್ಡ ವಿಜ್ಞಾನಿಗಳ ಸಮಿತಿಯೊಂದು ನಮ್ಮಲ್ಲಿಗೆ ಬಂತು. "ಪರದೇಶದವರ ಈ ಪಂಪನ್ನ ನಾವು ಎರಡು ವರ್ಷ ಮೊದಲೇ ಕಂಡಿದ್ವಿ," ಎಂದರು ಸಾಹೇಬರು. 'ನಾವು' ಕೇಳಿ ನನಗೆ ಸ್ವಲ್ಪ ಖುಷಿಯೂ ಆಯಿತು. ಸಮಿತಿಯವರು ಪುರಾವೆ ಕೇಳಿದರು. ಸಾಹೇಬರು ನನ್ನ ಹಳೆಯ ನೋಟ್‌ಬುಕ್ ತರಿಸಿ, ತಾವು ನೋಡದೆಯೇ ಅಧ್ಯಕ್ಷರ ಮುಂದಿಟ್ಟರು.

ಮುಳ್ಳು ಇಳಿದ ಲೆಕ್ಕ ಸಾಲಾಗಿತ್ತು. ಪ್ರತಿ ಸಾಲಿಗೂ ಅಡ್ಡಗೆರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ತಪ್ಪು. ಸಹಾಯಕನ ಬೇಜವಾಬ್ದಾರಿ.' ಕೆಳಗೆ ಸಾಹೇಬರ ಸಹಿ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಅಂದರೆ, ಈ ಶೋಧ ಆದದ್ದು ನಿಮ್ಮ ಸಹಾಯಕರ ಬೇಜವಾಬ್ದಾರಿಯಿಂದ ಅಂತಾಯಿತು."

ಎಲ್ಲರೂ ನಕ್ಕರು. ಸಮಿತಿ ಹೊರಟ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು. ಕೊನೆಗೂ ಒಂದು ಒಳ್ಳೆಯ ಮಾತು ಬರುತ್ತದೆಂದು ನಿಂತೆ.

"ನೋಟ್‌ಬುಕ್ಕಿನ ಆ ಹಾಳಿ ಎರಡು ವರ್ಷದಾಗ ನಿನಗ ಹರದ ಒಗಿಲಿಕ್ಕೆ ಆಗಲಿಲ್ಲೇನು? ನಾ ಬರದದ್ದು ಸುಳ್ಳಲ್ಲ ನೋಡು, ಬೇಜವಾಬ್ದಾರಿ ಮನಶ್ಯಾ!"