ಮಾವನ ಹಣೆಪಟ್ಟಿ

ತಾನು ಮಾಡಿದ ಫಿಲ್ಮನ್ನು ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ರಾಕೇಶ ಬೆಳಿಗ್ಗೆ ಚಹಾ ಕುಡಿಯುತ್ತ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಮಾವ ಶಿವರಾಯರು ಬಂದರು. ತಲೆಗೆ ರುಮಾಲು, ಕೊರಳಲ್ಲಿ ಹಾರ, ಮುಖದಲ್ಲಿ ಗಾಂಭೀರ್ಯ. ಅವರ ಕಾಲ ಬುಡದಲ್ಲಿ ನಿನ್ನೆಯವರೆಗೆ ಇಲ್ಲದಿದ್ದ ಒಂದು ಕೆಂಪು ಪಟ್ಟಿ. ಅದರ ಮೇಲೆ ಬಿಳಿ ಅಕ್ಷರ: 'ನಿಮ್ಮ ಉಚಿತ ಅವಧಿ ಮುಗಿದಿದೆ. ಮುಂದುವರಿಯಲು ನವೀಕರಿಸಿ.'

ಚಹಾ ಗಂಟಲಲ್ಲೇ ನಿಂತಿತು.

ಬೇರೆ ಯಾರ ಕಾಲ ಬುಡದಲ್ಲಾದರೂ ಈ ಮಾತು ಬಂದಿದ್ದರೆ ರಾಕೇಶ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಶಿವರಾಯರು ಮರಾಠಿ ನಾಡಿನ ಸಂಭಾಜಿನಗರದ 'ಕನ್ನಡ ಗೆಳೆಯರ ಬಳಗ'ದ ಅಧ್ಯಕ್ಷರು. ಯಾವಾಗಿನಿಂದ ಎಂದು ಕೇಳಿದರೆ ಬಳಗದ ಹಳಬರೂ ತಲೆ ಕೆರೆದುಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಸಭೆ ಸೇರುತ್ತಿತ್ತು. 'ಶಿವರಾಯರೇ ಮುಂದುವರಿಯಲಿ' ಎಂದು ಒಬ್ಬರು ಹೇಳುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದರು. ಈಚೆಗೆ ಊಟದ ಪಂಕ್ತಿಯಲ್ಲಿ ಗುಸುಗುಸು ಶುರುವಾಗಿತ್ತು. ಅದು ಶಿವರಾಯರ ಕಿವಿಗೆ ಬಿದ್ದಿಲ್ಲವೆಂದೇ ಎಲ್ಲರ ನಂಬಿಕೆ.

ಅಂಥವರಿಗೆ ಎಪ್ಪತ್ತು ತುಂಬಿತ್ತು. ಈ ದಿನ ಮಧ್ಯಾಹ್ನ ಅಲ್ಲಿನ ಸಿಡ್ಕೊ ಬಡಾವಣೆಯ ಸಭಾಗೃಹದಲ್ಲಿ ಬಳಗದವರಿಂದ ಅಭಿನಂದನೆ. ಅಲ್ಲಿ ತೋರಿಸಲು ಅವರ ಬದುಕಿನ ಫೋಟೊಗಳನ್ನೆಲ್ಲ ಸೇರಿಸಿ ಒಂದು ಫಿಲ್ಮ್ ಮಾಡುವ ಕೆಲಸ ಅಳಿಯನ ಪಾಲಿಗೆ ಬಂದಿತ್ತು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಾಸಿಕದಲ್ಲಿ ನೆಲೆಸಿದವನಿಗೆ ಇದೇನು ಮಹಾ ಎಂದು ಮಾವನವರ ಎಣಿಕೆ. 'ಎಲ್ಲಾ ಕನ್ನಡದಾಗ ಇರಬೇಕ್ರಿ' ಎಂದು ಅಪ್ಪಣೆ ಬೇರೆ. ರಾಕೇಶ ಶ್ರದ್ಧೆಯಿಂದ, ಕೆಲವು ದಿನಕ್ಕೆ ಉಚಿತವಾಗಿ ಸಿಕ್ಕಿದ್ದ ಸಾಫ್ಟ್‌ವೇರಿನ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿದ್ದ. ಹಾಗೆ ಮಾಡದಿದ್ದರೆ ಆ ಪಟ್ಟಿ ಇಂಗ್ಲಿಷಿನಲ್ಲಿ ಬಂದು, ಹಿಂದಿನ ಸಾಲಿನವರಿಗೆ ಅರ್ಥವಾಗದೆ ಹೋಗುವ ಸಂಭವವಾದರೂ ಇತ್ತು.

ಫಿಲ್ಮ್ ಎಂದೋ ಮುಗಿದಿತ್ತು. ಆದರೆ ಇಲ್ಲೊಂಚೂರು ಶಹನಾಯಿ, ಅಲ್ಲೊಂಚೂರು ಹೂವಿನ ಮಳೆ ಎಂದು ತಿದ್ದುತ್ತ ಕುಳಿತವನು ಪೂರ್ತಿ ಪ್ರತಿಯನ್ನು ಹೊರತೆಗೆದೇ ಇರಲಿಲ್ಲ. ಹೆಂಡತಿ ಊರ್ಮಿಳಾ ತವರಿಗೆ ಮುಂಚಿತವಾಗಿ ಹೊರಟಾಗ, "ಫಿಲ್ಮ್ ಮುಗೀತಿಲ್ರೀ?" ಎಂದು ಕೇಳಿದ್ದಳು. "ವಾರದ ಹಿಂದ ಮುಗಿಸೀನಿ," ಎಂದಿದ್ದ.

ಹಣ ಕಟ್ಟಿದರಾಯಿತು ಎಂದು ರಾಕೇಶ ಧೈರ್ಯ ತಂದುಕೊಂಡ. ಕಾರ್ಡಿನ ನಂಬರು ಹಾಕಿದ. ಓಟಿಪಿ ಕೇಳಿತು. ಖಾತೆ ಇಬ್ಬರ ಹೆಸರಿನದು, ಓಟಿಪಿ ಹೋಗುವುದು ಊರ್ಮಿಳಾಳ ಫೋನಿಗೆ. ಕೂಡಲೇ ಅವಳಿಗೆ ಫೋನ್ ಮಾಡಿದ.

ಎತ್ತಿದವರು ಮಾವ. "ಹಲೋ ಅಳಿಯಂದ್ರ! ಊರ್ಮಿ ಹೂವ ಕಟ್ಟಾಕತ್ಯಾಳ. ಹೊಂಟ್ರಿಲ್ಲೋ?"

"ಹೊಂಟೇನ್ರಿ ಮಾವಾರ. ಒಂಚೂರು ಅಕಿ ಕೈಯಾಗ ಫೋನ್ ಕೊಡ್ರಿ. ಒಂದು ನಂಬರ್ ಬಂದಿರ್ತೈತಿ..."

"ತಡೀರಿ, ತಡೀರಿ. ಬಂದೈತಿ. ಏ, ಯಾವುದೋ ಪರದೇಶದ ಕಂಪನಿ ನಿಮ್ಮ ಖಾತೆಗೆ ಕೈ ಹಾಕೈತಲ್ರೀ!"

"ಅದು ಹಂಗಲ್ರಿ, ಅದು ನಾನ..."

"ಗಾಬರಿ ಆಗಬ್ಯಾಡ್ರಿ. ಹುಟ್ಟಾ ಬ್ಯಾಂಕಿನ್ಯಾಗ ಕುಂತು ಬಂದಾಂವ ನಾನು. ಇಂಥಾ ಕಳ್ಳರನ್ನ ಭಾಳ ನೋಡೀನಿ." ಫೋನ್ ಕಟ್ಟಾಯಿತು.

ರಾಕೇಶ ಮತ್ತೆ ಮತ್ತೆ ಮಾಡಿದ. ಬಿಝಿ. ಕೊನೆಗೆ ಅವರೇ ಮಾಡಿದರು. ದನಿಯಲ್ಲಿ ಗೆದ್ದ ಪೈಲ್ವಾನನ ಹುರುಪು. "ಊರ್ಮಿ ಕಡಿಂದ ಮಾತಾಡ್ಸಿ ಕಾರ್ಡ್ ಬಂದ್ ಮಾಡ್ಸಿದೆ. ಈಗ ನಿಶ್ಚಿಂತಿಯಿಂದ ಬರ್ರಿ."

"ಭಾಳ ಉಪಕಾರ ಆತ್ರಿ ಮಾವಾರ," ಎಂದ ರಾಕೇಶ.

ಅಷ್ಟರಲ್ಲಿ ಕೆಳಗೆ ಕಾರಿನ ಹಾರ್ನ್. ಮೇಲಿನ ಮನೆಯ ಮುದ್ದಣ್ಣ ಆಗಲೇ ಸ್ಟಿಯರಿಂಗ್ ಹಿಡಿದು ಕುಳಿತಿದ್ದರು. ಉಡುಪಿ ಕಡೆಯವರು. ದೇವಳಾಲಿ ಕ್ಯಾಂಪಿನಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು. ಶಿವರಾಯರ ಪರಿಚಯ ಅಷ್ಟಕ್ಕಷ್ಟೇ. ಆದರೆ ಬೇರೆಯವರ ಸಮಾರಂಭದ ಸಾಂಬಾರನ್ನು ಪರೀಕ್ಷೆ ಮಾಡುವ ಅವಕಾಶ ಸಿಕ್ಕರೆ ಮುದ್ದಣ್ಣ ಎಲ್ಲಿಗೆ ಬೇಕಾದರೂ ಬರುತ್ತಿದ್ದರು.

"ಎಂತ ಮಾರಾಯ್ರೆ, ಮುಖ ಹಳಸಿದ ಇಡ್ಲಿ ಹಿಟ್ಟಿನ ಹಾಗೆ ಆಗಿದೆ?"

ರಾಕೇಶ ಎಲ್ಲವನ್ನೂ ಹೇಳಿದ. "ನಿಮ್ಮ ಕಾರ್ಡ್ ಇದ್ರ ಕೊಡ್ರಿ ಮುದ್ದಣ್ಣ. ನಾಳೆ ವಾಪಸ್ ಕೊಡ್ತೀನಿ."

"ಕಾರ್ಡಾ? ಅದು ಚಂಪಾಳ ಹತ್ರ. ನನ್ನ ಕೈಯಲ್ಲಿ ಕಾರ್ಡ್ ಬಿಡುವಷ್ಟು ನನ್ನ ಹೆಂಡ್ತಿ ದಡ್ಡಿ ಅಲ್ಲ. ನೀವು ಹೆದರ್ಬೇಡಿ. ಮತ್ತೊಮ್ಮೆ ಫ್ರೀ ತಗೊಳ್ಳಿ. ನನ್ನ ಇಮೇಲ್ ಹಾಕಿ. ಹೊಸ ಗಿರಾಕಿ ಅಂತ ಮಾಡಿ."

ಅದು ಸರಿ ಕಂಡಿತು. ಮುದ್ದಣ್ಣ ಕಾರು ಓಡಿಸುತ್ತಿದ್ದರೆ ರಾಕೇಶ ಪಕ್ಕದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದಣ್ಣನ ಹೆಸರಿನಲ್ಲಿ ಹೊಸದಾಗಿ ಒಳಹೊಕ್ಕ. ಸಾಫ್ಟ್‌ವೇರು ಕ್ಷಣಕಾಲ ಯೋಚಿಸಿತು. ಗಿರಾಕಿ ಹೊಸಬನಾದರೂ ಲ್ಯಾಪ್‌ಟಾಪ್ ಹಳೆಯದೇ ಎಂದು ಅದಕ್ಕೆ ಗೊತ್ತಾಗಿಹೋಯಿತು. ಮಾವನವರ ಕಾಲ ಬುಡದಲ್ಲಿದ್ದ ಪಟ್ಟಿ ಮಾಯವಾಯಿತು. ಮರುಗಳಿಗೆ ಎರಡು ಪಟ್ಟು ದಪ್ಪವಾಗಿ ಅವರ ಎದೆಯ ಮೇಲೆ ಬಂದು ಕುಳಿತಿತು.

"ಮ್ಯಾಲೆ ಬಂತಲ್ರೀ!"

"ಹೌದಾ? ಹಾಗಾದ್ರೆ ತಾರೀಕು ಬದಲಿಸಿ. ಲ್ಯಾಪ್‌ಟಾಪಿಗೆ ಹೋದ ತಿಂಗಳು ಅಂತ ಹೇಳಿ. ಅದಕ್ಕೇನು ಗೊತ್ತಾಗ್ತದೆ?"

ರಾಕೇಶ ತಾರೀಕನ್ನು ಹಿಂದಕ್ಕೆ ತಳ್ಳಿದ. ಪಟ್ಟಿ ಎದೆಯಿಂದ ಎದ್ದು ಹಣೆಗೆ ಏರಿತು. ಈ ಸಲ ರುಮಾಲಿನ ಅಂಚಿನಿಂದ ಮೂಗಿನ ತುದಿಯವರೆಗೆ ಅಡ್ಡಡ್ಡ ಮಲಗಿ, ಎಲ್ಲ ಫೋಟೊಗಳಿಗೂ ಹಬ್ಬಿಕೊಂಡಿತು. ರಾಕೇಶ ಕೀಲಿಮಣೆಯಿಂದ ಕೈ ತೆಗೆದ. ಇನ್ನೊಂದು ಸಲ ಮುಟ್ಟಿದರೆ ಅದು ಪರದೆಯಿಂದ ಇಳಿದು ತನ್ನ ಕುತ್ತಿಗೆಗೇ ಸುತ್ತಿಕೊಳ್ಳಬಹುದು ಅನಿಸಿತು.

ಲಾಸಲಗಾಂವ್ ತಿರುವಿನಲ್ಲಿ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು. ಕಾರು ನಿಂತಿತು. ಫೋನ್ ಬಡಿದುಕೊಂಡಿತು. ಊರ್ಮಿಳಾ.

"ಎಲ್ಲಿದ್ದೀರಿ? ಅಪ್ಪ ಎಲ್ಲಾರಿಗೂ ಫಿಲ್ಮ್ ಫಿಲ್ಮ್ ಅಂತ ಹೇಳ್ಕೋತ ತಿರಗಾಕತ್ಯಾರ. ಹಳೇ ಬ್ಯಾಂಕಿನವರೂ ಬಂದಾರ. ಲಗೂನ ಬರ್ರಿ."

"ಊರ್ಮಿ, ಫಿಲ್ಮ್ ಇಲ್ಲದಿದ್ರ ನಡೀತೈತೇನ?"

"ಏನಂದ್ರಿ?"

"ಏನಿಲ್ಲ. ಟ್ರ್ಯಾಕ್ಟರ್ ಅಡ್ಡ ಅದಾವು."

ಯೇವಲಾ ದಾಟಿತು, ವೈಜಾಪುರ ದಾಟಿತು. ಮುದ್ದಣ್ಣನ ಸಲಹೆಗಳು ಮುಗಿಯಲಿಲ್ಲ. ಪರದೆಯ ಮೇಲ್ಭಾಗಕ್ಕೆ ಹಾರ ಕಟ್ಟಿ ಪಟ್ಟಿ ಮುಚ್ಚಬಹುದಲ್ಲ ಎಂದರು. ಮಾವನವರ ಮುಖವೂ ಮುಚ್ಚುತ್ತದೆ ಎಂದ ರಾಕೇಶ. ಊರು ಹತ್ತಿರವಾದಂತೆ ಅವನು ಒಂದು ತೀರ್ಮಾನಕ್ಕೆ ಬಂದ. ಫಿಲ್ಮ್ ತೋರಿಸುವುದೇ ಬೇಡ. ಯಂತ್ರ ಕೆಟ್ಟಿತು ಎಂದರೆ ಯಾರೇನು ಮಾಡುತ್ತಾರೆ?

ಸಭಾಗೃಹದ ಮೂಲೆಯಲ್ಲಿ ಪ್ರೊಜೆಕ್ಟರ್ ಮತ್ತು ಸೌಂಡಿನ ಮಹಿಬೂಬ ತಂತಿ ಜೋಡಿಸುತ್ತಿದ್ದ. ರಾಕೇಶ ಅವನನ್ನು ಪಕ್ಕಕ್ಕೆ ಕರೆದು ಲ್ಯಾಪ್‌ಟಾಪಿನ ಪರದೆ ತೋರಿಸಿದ. ಮಹಿಬೂಬ ಕಲಬುರಗಿಯವನು, ಕನ್ನಡ ಓದಬಲ್ಲ. ಓದಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

"ಬಲ್ಬ್ ಹೋತು ಅಂತ ಹೇಳಪಾ. ಅಷ್ಟ ಸಾಕು."

"ಸಾಹೇಬ್ರ, ನನ್ನ ಮಶೀನ್ ಹೆಸರು ಕೆಡ್ತದರೀ. ಮುಂದಿನ ವಾರ ಇದೇ ಹಾಲಿನ್ಯಾಗ ಮದುವಿ ಆರ್ಡರ್ ಅದ."

ರಾಕೇಶ ಕೈ ಮುಗಿದು ಅವನ ಮುಖ ನೋಡಿದ. ಮಹಿಬೂಬ ನಿಟ್ಟುಸಿರಿಟ್ಟ. "ಆಯ್ತು ಬಿಡ್ರಿ. ನನಗೂ ಒಬ್ಬ ಮಾವ ಇದ್ದಾನ."

ಪ್ರೊಜೆಕ್ಟರಿನ ವಯರು ಕಿತ್ತಾಯಿತು. ರಾಕೇಶ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಿಟ್ಟ. ಬಿಟ್ಟ ಉಸಿರು ಮುಗಿಯುವ ಮೊದಲೇ ಹಿಂದಿನಿಂದ ದನಿ ಬಂತು.

"ಏನ್ ರಾಕೇಶ್, ಬಲ್ಬ್ ಹೋಯ್ತಾ? ಛೇ!"

ಸುಬ್ರಹ್ಮಣ್ಯ. ಬಳಗದ ಉಪಾಧ್ಯಕ್ಷರು. ಊರಿನಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವರು. ಉಪಾಧ್ಯಕ್ಷರಾಗಿಯೇ ಅವರ ಕೂದಲು ನರೆತಿತ್ತು. ಅವರ ಕಣ್ಣು ತೆರೆದಿದ್ದ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಪಟ್ಟಿಯನ್ನು ಓದಿದರು. ನಿಧಾನವಾಗಿ ಇನ್ನೊಮ್ಮೆ ಓದಿದರು. ಅವರ ಮುಖದಲ್ಲಿ ಹಬ್ಬದ ದಿನ ಒಲೆ ಹೊತ್ತಿಕೊಂಡಂಥ ಬೆಳಕು.

"ಯೋಚನೆ ಮಾಡ್ಬೇಡಿ. ನಮ್ಮ ಕ್ಲಾಸಿನ ಪ್ರೊಜೆಕ್ಟರ್ ಇದೆ. ಇಲ್ಲೇ ಪಕ್ಕದ ರಸ್ತೆ."

"ಬ್ಯಾಡ್ರಿ ಸರ್, ನಿಮಗ್ಯಾಕ ತೊಂದ್ರಿ..."

"ತೊಂದರೆಯೇ? ಶಿವರಾಯರಿಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ?" ಎಂದ ಸುಬ್ರಹ್ಮಣ್ಯ ಲ್ಯಾಪ್‌ಟಾಪನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಇದು ನನ್ನ ಹತ್ರ ಇರಲಿ. ನೀವು ಮನೆ ಅಳಿಯ. ಮುಂದೆ ಹೋಗಿ ಕೂತ್ಕೊಳ್ಳಿ."

ರಾಕೇಶ ಅವರ ಹಿಂದೆ ಓಡಬೇಕೆನ್ನುವಷ್ಟರಲ್ಲಿ ಊರ್ಮಿಳಾ ಬಂದು ತೋಳು ಹಿಡಿದು ಮೊದಲ ಸಾಲಿನಲ್ಲಿ ಕೂರಿಸಿಬಿಟ್ಟಳು. ವೇದಿಕೆಯ ಮೇಲೆ ಮಾವ ರುಮಾಲು ಸುತ್ತಿಕೊಂಡು, ಶಾಲು ಹೊದ್ದು, ಮದುಮಗನಂತೆ ಕುಳಿತಿದ್ದರು. ಅಳಿಯನನ್ನು ಕಂಡು ಕೈ ಎತ್ತಿದರು.

"ಯಾಕ್ರಿ ಹಿಂಗ ಬೆವರಾಕತ್ತೀರಿ?" ಊರ್ಮಿಳಾ ಪಿಸುಗುಟ್ಟಿದಳು.

"ಊರ್ಮಿ, ಏನ ಆಗ್ಲಿ, ನೀ ನನ್ನ ಕೈ ಬಿಡಬ್ಯಾಡ."

"ಏನ್ ಮಾಡೀರಿ ನೀವು?"

ದೀಪಗಳು ಆರಿದವು.

ಮೊದಲು ಶಹನಾಯಿ. ನಂತರ ಹೂವಿನ ಮಳೆ. ಆಮೇಲೆ ಚಡ್ಡಿ ಹಾಕಿಕೊಂಡ ಪುಟ್ಟ ಶಿವರಾಯ, ಹಣೆಯ ಮೇಲೆ 'ನಿಮ್ಮ ಉಚಿತ ಅವಧಿ ಮುಗಿದಿದೆ'. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮದುವೆಯ ಫೋಟೊ ಬಂತು. ಬಾಸಿಂಗ ಕಟ್ಟಿದ ವರನ ಮುಖದ ಮೇಲೆ ಅದೇ ಮಾತು. ನಗು ಇನ್ನೂ ಎರಡು ಸಾಲಿಗೆ ಹಬ್ಬಿತು. ಬಳಗದ ಸಭೆಗಳ ಫೋಟೊಗಳು ಶುರುವಾದಾಗ ಮಾತ್ರ ನಗು ನಿಂತಿತು. ಅಧ್ಯಕ್ಷರ ಕುರ್ಚಿ, ಅದರಲ್ಲಿ ಶಿವರಾಯರು. ಮುಂದಿನ ಫೋಟೊ, ಅದೇ ಕುರ್ಚಿ, ಅವರೇ; ಕೂದಲು ತುಸು ಬೆಳ್ಳಗೆ. ಮತ್ತೊಂದು, ಇನ್ನೂ ಬೆಳ್ಳಗೆ. ಪ್ರತಿಯೊಂದರ ಮೇಲೂ ಕೆಂಪು ಪಟ್ಟಿ ಹಟ ಹಿಡಿದು ಅದನ್ನೇ ಹೇಳುತ್ತಿತ್ತು.

"ಅಯ್ಯ ಶಿವನ, ಹುಟ್ಟಿದ ದಿನ ಎಂಥಾ ಅಪಶಕುನದ ಮಾತವ್ವಾ," ಎಂದು ಹಿಂದೆ ಒಬ್ಬ ಅಜ್ಜಿ ಲಟಿಕೆ ಮುರಿದಳು.

ಊರ್ಮಿಳಾ ರಾಕೇಶನ ಕೈ ಬಿಟ್ಟಳು.

ದೀಪ ಹೊತ್ತಿತು. ಮೂಲೆಯಿಂದ ಸುಬ್ರಹ್ಮಣ್ಯ ಒಬ್ಬರೇ ಚಪ್ಪಾಳೆ ತಟ್ಟಿದರು. ಶಿವರಾಯರು ಎದ್ದು ನಿಂತರು. ಕನ್ನಡಕ ತೆಗೆದರು, ಶಾಲಿನ ಅಂಚಿನಿಂದ ಒರೆಸಿದರು, ಹಾಕಿಕೊಂಡು ಮೈಕಿನ ಹತ್ತಿರ ಬಂದರು. ರಾಕೇಶ ಬಾಗಿಲು ಎಷ್ಟು ದೂರ ಇದೆಯೆಂದು ನೋಡಿದ. ಬಾಗಿಲಲ್ಲಿ ಮುದ್ದಣ್ಣ ಅಡುಗೆಯವರಿಗೆ ಏನೋ ಹೇಳುತ್ತ ಅಡ್ಡ ನಿಂತಿದ್ದರು.

"ಎಲ್ಲಾರೂ ಓದಿದ್ರಿ?" ಎಂದರು ಶಿವರಾಯರು.

"ನಾನೂ ಓದಿದೆ. ಪ್ರತಿ ವರ್ಷ ಸಭಾಕ್ಕ ಬರೋವಾಗ, ಈ ಸಲ ಯಾರರ 'ಸಾಕು ಬಿಡ್ರಿ' ಅಂತಾರ ಅಂತ ಕಾಯ್ಕೋತ ಬರ್ತಿದ್ದೆ. ನೀವು ಹಾರ ಹಾಕ್ತಿದ್ರಿ. ಒಲ್ಲೆ ಅಂದ್ರ ನಿಮಗ ಬ್ಯಾಸರ ಆಗ್ತೈತಿ ಅಂತ ನಾ ಕುಂಡ್ರತಿದ್ದೆ. ಏಳ್ರಿ ಅಂದ್ರ ನನಗ ಬ್ಯಾಸರ ಆಗ್ತೈತಿ ಅಂತ ನೀವು ಸುಮ್ಮಕಿದ್ರಿ. ಹಿಂಗ ಒಬ್ಬರಿಗೊಬ್ಬರು ಮರ್ಯಾದಿ ಕೊಟ್ಕೋತ ನನ್ನ ಸೊಂಟ ಹೋತು." ಅವರು ಮೊದಲ ಸಾಲಿನ ಕಡೆ ಕೈ ತೋರಿಸಿದರು. "ಇಷ್ಟು ಮಂದ್ಯಾಗ ಖರೇ ಹೇಳೂ ಗುಂಡಿಗಿ ಇದ್ದಾಂವ ಒಬ್ಬನ. ನನ್ನ ಅಳಿಯ. ಇವತ್ತಿಗೆ ನಾ ಬಿಟ್ಟೆ. ಸುಬ್ರಹ್ಮಣ್ಯ ಅವರ, ಬರ್ರಿ, ಕುಂಡ್ರಿ."

ಸಭಾಗೃಹ ಚಪ್ಪಾಳೆಯಿಂದ ತುಂಬಿಹೋಯಿತು. ಶಿವರಾಯರು ಕೆಳಗಿಳಿದು ಬಂದು ಅಳಿಯನನ್ನು ಅಪ್ಪಿಕೊಂಡರು. ರಾಕೇಶನಿಗೆ ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ. ವಿನಯದಿಂದ ತಲೆ ತಗ್ಗಿಸಿ ನಿಂತರೆ ಸಾಕಾಯಿತು. ಊರ್ಮಿಳಾ ಬಿಟ್ಟಿದ್ದ ಕೈಯನ್ನು ಮತ್ತೆ ಹಿಡಿದುಕೊಂಡಳು. ಊಟಕ್ಕೆ ಕುಳಿತಾಗ ಸುಬ್ರಹ್ಮಣ್ಯ ತಾವೇ ನಿಂತು ಅವನ ಎಲೆಗೆ ಹೋಳಿಗೆ ಬಡಿಸಿದರು. ಗುರುತಿಲ್ಲದವರೂ ಬಂದು ಬೆನ್ನು ತಟ್ಟಿದರು. ಬೆಳಿಗ್ಗೆ ಗಂಟಲಲ್ಲಿ ನಿಂತದ್ದೆಲ್ಲ ಇಳಿದು, ರಾಕೇಶ ಮೂರನೆಯ ಹೋಳಿಗೆಗೆ ತುಪ್ಪ ಕೇಳಿದ.

ಕೈ ತೊಳೆದು ಕಾರಿನ ಹತ್ತಿರ ಬಂದರೆ ಡಿಕ್ಕಿ ತೆರೆದಿತ್ತು. ಅದರಲ್ಲಿ ಎರಡು ದೊಡ್ಡ ಸೂಟ್‌ಕೇಸು, ಒಂದು ರೊಟ್ಟಿ ಬುಟ್ಟಿ, ಸುತ್ತಿ ಕಟ್ಟಿದ ಹಾಸಿಗೆ. ಅತ್ತೆ ಮಂಗಲಾ ಉಪ್ಪಿನಕಾಯಿ ಭರಣಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು.

"ಇಲ್ಲೇ ಇದ್ರ ಮಂದಿ ಮತ್ತ ಹಿಡಕೊಂಡ ಬಂದು ಕುರ್ಚಿ ಮ್ಯಾಲ ಕುಂಡ್ರಸ್ತಾರ," ಎಂದರು ಶಿವರಾಯರು, ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಳ್ಳುತ್ತ. "ಇನ್ನ ನಿಮ್ಮ ಕೂಡನ ನಾಸಿಕದಾಗ ಇರೂದು. ಏನಂತೀರಿ?"

ಊರ್ಮಿಳಾಳ ಕಣ್ಣಲ್ಲಿ ನೀರು ಬಂದಿತ್ತು, ಸಂತೋಷಕ್ಕೆ. ರಾಕೇಶ, "ಭಾಳ ಚಲೋ ಆತ್ರಿ ಮಾವಾರ," ಎಂದು ಮುದ್ದಣ್ಣನಿಂದ ಕೀಲಿ ತೆಗೆದುಕೊಂಡು ಸ್ಟಿಯರಿಂಗ್ ಹಿಡಿದ.

ಊರು ದಾಟುವವರೆಗೆ ಶಿವರಾಯರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಆಮೇಲೆ ಅವರ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಶಾಲು ಮಡಚಿದರು, ಬಿಚ್ಚಿದರು. ಗಾಜು ಏರಿಸಿದರು, ಇಳಿಸಿದರು. ವೈಜಾಪುರದ ಹತ್ತಿರ ತಟ್ಟನೆ ಅಳಿಯನ ಕಡೆ ತಿರುಗಿದರು.

"ಅಳಿಯಂದ್ರ, ನಿಮ್ಮ ಹೌಸಿಂಗ್ ಸೊಸೈಟಿಗೆ ಚೇರ್ಮನ್ ಯಾರು?"

ಹಿಂದೆ ಮೂಲೆಯಲ್ಲಿ ಹೋಳಿಗೆಯ ನಿದ್ದೆಯಲ್ಲಿದ್ದ ಮುದ್ದಣ್ಣ ಕಣ್ಣು ಬಿಟ್ಟರು. "ನಾನೇ ಮಾರಾಯ್ರೆ. ಎಂತಕ್ಕೆ?"

ಶಿವರಾಯರು ಬೆಲ್ಟನ್ನು ಸಡಿಲಿಸಿಕೊಂಡು ಪೂರ್ತಿ ಹಿಂದಕ್ಕೆ ತಿರುಗಿ ಕುಳಿತರು. ದನಿಯಲ್ಲಿ ಎಂದಿಲ್ಲದ ಅಕ್ಕರೆ.

"ಎಷ್ಟ್ ವರ್ಷಾತ್ರಿ?"

ಮುಂದೆ ರಸ್ತೆ ಪೂರ್ತಿ ಖಾಲಿ ಇತ್ತು. ಆದರೂ ರಾಕೇಶ ಜೋರಾಗಿ ಹಾರ್ನ್ ಒತ್ತಿದ.